ನೀರು ನಗರಕ್ಕೆ, ನಿರ್ಬಂಧ ರೈತರಿಗೆ?

ಮಾಗಡಿ ರಸ್ತೆಯಾಚೆಯ ಓದುಗರೊಬ್ಬರ ಪತ್ರ: “ಕುಮುದ್ವತಿ ಹೊಳೆ ಪಕ್ಕದಲ್ಲಿ ನನಗೆ ಎರಡೂವರೆ ಎಕರೆ ಜಮೀನಿದೆ. ಜಲಾನಯನ ಪ್ರದೇಶ, ಅಂದರೆ ಮಳೆನೀರು ಹರಿದು ಜಲಾಶಯ ಸೇರುವ ನೆಲವೆಂದು ಭೂಪರಿವರ್ತನೆ ಕೊಡುತ್ತಿಲ್ಲ. ತಿಪ್ಪಗೊಂಡನಹಳ್ಳಿ ಜಲಾಶಯದ ನೀರನ್ನು ಬೆಂಗಳೂರು ಕೈಬಿಟ್ಟು ಹತ್ತು ವರ್ಷದ ಮೇಲಾಯಿತು, ಕಾವೇರಿ ಬಂತು. ಇನ್ನೂ ಈ ನಿಯಮ ಯಾರಿಗಾಗಿ?”

ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಆದರೂ ನಿಯಮ ಇರಲೇಬೇಕು ಎಂಬುದು ನಮ್ಮ ನಿಲುವು.

ಅರ್ಕಾವತಿ ಹೊಳೆಗೆ 1894ರಲ್ಲಿ ಹೆಸರಘಟ್ಟ ಜಲಾಶಯ, 1933ರಲ್ಲಿ ನಿಮ್ಮ ಕುಮುದ್ವತಿ ಬಂದು ಸೇರುವ ತಿಪ್ಪಗೊಂಡನಹಳ್ಳಿ ಜಲಾಶಯ. ದಶಕಗಳ ಕಾಲ ಬೆಂಗಳೂರಿನ ಬಾಯಾರಿಕೆ ತಣಿಸಿದ್ದು ಅರ್ಕಾವತಿಯೇ. ಜಲಾಶಯ ಸೊರಗಿದ್ದಕ್ಕೆ ಮಳೆಯನ್ನು ದೂರುವುದು ರೂಢಿ. ಈ ಎರಡು ಹೊಳೆಗಳು ಹುಟ್ಟುವ ನಂದಿಬೆಟ್ಟ, ಶಿವಗಂಗೆಯ ಕಡೆ ಹೋಗಿ ನೋಡಿ: ನೀಲಗಿರಿ ತೋಪುಗಳು, ಸಾಲುಸಾಲು ಕೊಳವೆಬಾವಿಗಳು, ಮುಚ್ಚಿಹೋದ ಕೆರೆ ಕಾಲುವೆಗಳು. ಮಳೆ ನಿಂತ ಮೇಲೂ ಹಳ್ಳ ಹರಿಯುತ್ತಿತ್ತಲ್ಲ, ಅದು ನೆಲ ಹೀರಿಕೊಂಡು ನಿಧಾನವಾಗಿ ಬಿಟ್ಟುಕೊಡುತ್ತಿದ್ದ ನೀರು. ಅಂತರ್ಜಲ ನೂರಾರು ಅಡಿ ಕೆಳಗಿಳಿದ ಮೇಲೆ ಹಳ್ಳಕ್ಕೆ ಒಸರುವುದು ನಿಂತಿತು. ಬಿದ್ದ ಮಳೆಯೂ ಒಣಗಿದ ನೆಲದೊಳಗೇ ಇಳಿದುಹೋಯಿತು. ಕಾವೇರಿ ಪೈಪು ನಿಮ್ಮ ಹಳ್ಳಿಗಂತೂ ಬಂದಿಲ್ಲ. ನಿಮ್ಮ ಕೊಳವೆಬಾವಿ ನಂಬಿರುವುದೂ ಇದೇ ನೆಲವನ್ನು. ಪಶ್ಚಿಮ ಘಟ್ಟದ ಎತ್ತಿನಹೊಳೆ ನೀರನ್ನು ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ತರುವ ಯೋಜನೆಯಿದೆ. ಸುತ್ತಲ ಬಡಾವಣೆಗಳ ಕೊಳಚೆ ಸೇರಿದರೆ ಆ ನೀರೂ ಕೆಡುತ್ತದೆ.

ಸರ್ಕಾರ 2003ರಲ್ಲಿ ಜಲಾನಯನವನ್ನು ವಲಯಗಳಾಗಿ ವಿಂಗಡಿಸಿ ನಿರ್ಬಂಧ ಹಾಕಿತು, 2019ರಲ್ಲಿ ಅದನ್ನು ಸಡಿಲಿಸಿತು. ಸಡಿಲಿಸಿದ್ದು ತಪ್ಪು ಎಂದು ಸ್ಪಷ್ಟವಾಗಿಯೇ ಹೇಳುತ್ತೇವೆ. ಹೊಳೆ ಹುಟ್ಟುವುದು ಮೇಲಿನ ದಿನ್ನೆಗಳ ಸಣ್ಣ ಸಣ್ಣ ಹಳ್ಳಗಳಲ್ಲಿ. ದಂಡೆಯ ಪಕ್ಕದ ಪಟ್ಟಿಯನ್ನಷ್ಟೇ ಕಾದರೆ ಸಾಲದು. ಗ್ರಾಮ ನಕ್ಷೆಯಲ್ಲಿ ಹಳ್ಳವೆಂದಿರುವುದು ಬಡಾವಣೆಯ ನಕ್ಷೆಗೆ ಬರುವಷ್ಟರಲ್ಲಿ ಮೂವತ್ತಡಿ ರಸ್ತೆಯಾಗಿರುತ್ತದೆ. ಜೆಸಿಬಿ ಒಂದೇ ದಿನದಲ್ಲಿ ಮಟ್ಟ ಮಾಡಿ, ಒಂದು ಸಿಮೆಂಟ್ ಪೈಪು ಹೂತು, ಮೇಲೆ ಕೆಮ್ಮಣ್ಣು ಹರಡುತ್ತದೆ. ಸೈಟು ಕೊಂಡವರಿಗೆ ಗೊತ್ತಾಗುವುದು ಮೊದಲ ಜೋರು ಮಳೆಗೆ ಮನೆಯೊಳಗೆ ನೀರು ನುಗ್ಗಿದಾಗ.

ಈಗ ನಿಮ್ಮ ನಷ್ಟದ ಮಾತು. ಪಕ್ಕದ ಊರಿನವರು ಸೈಟು ಮಾಡಿ ಮಾರುವಾಗ ನೀವು ಮಾತ್ರ ರಾಗಿ ಬೆಳೆಯುತ್ತಿರಬೇಕು ಎನ್ನುವುದಾದರೆ ಅದರ ಬೆಲೆಯನ್ನು ನಗರವೇ ಕೊಡಬೇಕು. ನ್ಯೂಯಾರ್ಕ್ ನಗರ 1997ರ ಒಪ್ಪಂದದಡಿ ಕ್ಯಾಟ್‌ಸ್ಕಿಲ್ ಬೆಟ್ಟಗಳ ಜಲಾನಯನ ಕಾಯಲು ತನ್ನ ಹಣವನ್ನೇ ಹಾಕಿತು: ಮಾರಲು ಒಪ್ಪಿದವರಿಂದ ಜಮೀನು ಕೊಂಡಿತು, ಮೇಲಿನ ಊರುಗಳ ಕೊಳಚೆ ಶುದ್ಧೀಕರಣಕ್ಕೆ ದುಡ್ಡು ಕೊಟ್ಟಿತು. ನಮ್ಮ ನೀರಿನ ಬಿಲ್ಲಿನಲ್ಲೂ ಒಂದು ಪಾಲು ಜಲಾನಯನದ ರೈತರಿಗೆಂದು ಇರಲಿ. ಎಕರೆಗೆ ಇಷ್ಟು ಎಂದು ವರ್ಷಾವರ್ಷ ನಿಮ್ಮ ಖಾತೆಗೆ ಬರಲಿ. ಬೆಂಗಳೂರಿನ ಓದುಗರು ಇದಕ್ಕೆ ಒಪ್ಪುತ್ತಾರೆಯೇ, ಬರೆಯಲಿ.

ನಿಮ್ಮಲ್ಲಿ ಒಂದು ಕೋರಿಕೆ. ತಾಲ್ಲೂಕು ಕಚೇರಿಯಿಂದ ಗ್ರಾಮ ನಕ್ಷೆ ತರಿಸಿ, ಹೊಸ ಬಡಾವಣೆಯ ನಕ್ಷೆಯ ಜೊತೆ ಇಟ್ಟು ನೋಡಿ. ಹಳ್ಳ ಕಾಣೆಯಾಗಿದ್ದರೆ ತಹಶೀಲ್ದಾರರಿಗೆ ದೂರು ಕೊಡಿ, ಅದರ ಒಂದು ಪ್ರತಿಯನ್ನು ನಮಗೂ ಕಳಿಸಿ. ಪ್ರಕಟಿಸುತ್ತೇವೆ.

– ಸಂ.