ಹೊಸ ಅನಿಮೋನ್ (ಕಡಲಹೂವು) ತಂದು ಮೂರು ದಿನ, ಒಂದು ಕಡೆ ನಿಲ್ಲುತ್ತಿಲ್ಲ. ಏನು ಮಾಡಲಿ?

ಮೊದಲು ಟ್ಯಾಂಕಿನಿಂದ ಕೈ ಹೊರಗೆ ತೆಗೆಯಿರಿ. ಬೇಜಾರು ಮಾಡ್ಕೋಬೇಡಿ, ಗದರುತ್ತಿಲ್ಲ. ನೀವು ಬರೆದಿದ್ದನ್ನು ಓದಿದಾಗ ನನಗೆ ಎದ್ದು ಕಂಡಿದ್ದು ಒಂದೇ. ಮೂರು ದಿನದಲ್ಲಿ ನಾಲ್ಕು ಸಲ ಅದನ್ನು ಎತ್ತಿ ಬೇರೆ ಬೇರೆ ಜಾಗದಲ್ಲಿ ಇಟ್ಟಿದ್ದೀರಿ.

ನಿಮ್ಮದು ಬೆಂಗಳೂರು. ಎರಡಡಿ ಟ್ಯಾಂಕು, 75 ಲೀಟರ್ ಉಪ್ಪುನೀರು, ಶುರು ಮಾಡಿ ಎಂಟು ತಿಂಗಳು. ಅನಿಮೋನಿನಲ್ಲಿ ಮನೆ ಮಾಡುವ ಆಸಿಲ್ಲಾರಿಸ್ ಕ್ಲೌನ್ ಮೀನು ಒಂದು ಜೊತೆ, ನೀರಿನಲ್ಲಿ ಅಲೆ ಎಬ್ಬಿಸುವ ಪಂಪು ಅಂದರೆ ವೇವ್‌ಮೇಕರ್ ಒಂದು. ಶನಿವಾರ ತಂದ ಕೆಂಪು ಬಬಲ್ ಟಿಪ್ ಅನಿಮೋನ್ ಅಂಗಡಿಯಲ್ಲಿ ಅಂಗೈಯಗಲ ಅರಳಿತ್ತು. ಈಗ ಮುದುಡಿಕೊಂಡು ಬಂಡೆಯ ಹಿಂದೆ ಸೇರಿದೆ. ಮೀನುಗಳು ಅದರ ಹತ್ತಿರ ಸುಳಿಯುತ್ತಿಲ್ಲ. ಸಿಗಡಿ ಕೊಟ್ಟರೆ ಉಗುಳುತ್ತಿದೆ. ಸಾಯ್ತಿದೆಯಾ ಅಂತ ಕೇಳಿದ್ದೀರಿ.

ಇಷ್ಟು ಲಕ್ಷಣಕ್ಕೇ ಸಾಯುತ್ತಿದೆ ಅನ್ನಲಾಗದು. ಮನೆ ಹುಡುಕುತ್ತಿದೆ ಅನ್ನಬಹುದು.

ಕಡಲಹೂವು ಅಂತ ಕರೆದರೂ ಅದು ಪ್ರಾಣಿ, ನಿಜವಾಗಿಯೂ ನಡೆಯುತ್ತದೆ. ಅಡಿಯಲ್ಲಿ ಅಂಟಿಕೊಳ್ಳುವ ಪಾದ ಇದೆ, ಅದನ್ನು ಸ್ವಲ್ಪಸ್ವಲ್ಪವೇ ಎಳೆದುಕೊಂಡು ಹೋಗುತ್ತದೆ. ಬಬಲ್ ಟಿಪ್ ಜಾತಿಯದ್ದು ಸಮುದ್ರದಲ್ಲಿ ಬಂಡೆಯ ಸಂದಿಯೊಳಗೆ ಪಾದ ಇಳಿಸಿ, ಬಾಯಿಯ ಸುತ್ತಲಿನ, ತುದಿ ಗುಳ್ಳೆಯಂತೆ ಉಬ್ಬಿದ ಬೆರಳುಗಳನ್ನಷ್ಟೇ ಹೊರಗೆ ಚಾಚಿ ಬದುಕುತ್ತದೆ. ಹೆದರಿಕೆಯಾದರೆ ಪೂರ್ತಿ ಒಳಗೆ ಸೇದಿಕೊಳ್ಳುತ್ತದೆ. ಅದಕ್ಕೆ ಬೇಕಿರುವುದು ಪಾದಕ್ಕೆ ಕತ್ತಲು, ತಲೆಗೆ ಬೆಳಕು, ಹದವಾದ ನೀರಿನ ಓಟ. ನೀವು ಚಪ್ಪಟೆ ಕಲ್ಲಿನ ಮೇಲೆ, ಎದುರಿನಿಂದ ಚೆನ್ನಾಗಿ ಕಾಣುವ ಕಡೆ ಇಟ್ಟಿರಿ ಅಲ್ವಾ? ಅದು ನಿಮಗೆ ಚೆಂದ. ಅದಕ್ಕೆ ಬಟ್ಟಬಯಲು.

ಪ್ರತಿ ಸಲ ಎತ್ತಿದಾಗಲೂ ಹುಡುಕಾಟ ಮೊದಲಿನಿಂದ ಶುರು. ಅದಕ್ಕಿಂತ ದೊಡ್ಡ ಅಪಾಯ ಪಾದ ಹರಿಯುವುದು. ಪಾದ ಹರಿದ ಅನಿಮೋನ್ ಉಳಿಸಿಕೊಳ್ಳುವುದು ತುಂಬಾ ಕಷ್ಟ. ಈಗ ಬಂಡೆಯ ಹಿಂದೆ ಹೋಗಿದೆ ಅಂದರೆ ಅಲ್ಲೇ ಇರಲಿ. ಬೆಳಕು ಸಾಲದಿದ್ದರೆ ತಾನೇ ಮೇಲೆ ಬರುತ್ತದೆ.

ಈಗ ನಿಜವಾಗಿ ತುರ್ತಿನ ಕೆಲಸ, ವೇವ್‌ಮೇಕರ್. ಅದಕ್ಕೆ ಜಾಲರಿ ಹಾಕಿದ್ದೀರಾ ಅಂತ ನೀವು ಬರೆದಿಲ್ಲ. ಹಾಕಿಲ್ಲದಿದ್ದರೆ ಮುಂದಿನದನ್ನು ಆಮೇಲೆ ಓದಿ, ಮೊದಲು ಹೋಗಿ ಆಫ್ ಮಾಡಿ ಬನ್ನಿ.

ನನ್ನ ಮೊದಲ ಅನಿಮೋನ್ ಹೋಗಿದ್ದು ಹೀಗೇ. ತಂದು ಐದನೇ ರಾತ್ರಿ ಗಾಜಿನ ಮೇಲೆ ಹತ್ತುತ್ತಿತ್ತು. ಚೆನ್ನಾಗಿ ಓಡಾಡ್ತಿದೆ ಅಂತ ಖುಷಿಯಾಗಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಟ್ಯಾಂಕಿನ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿತ್ತು. ವೇವ್‌ಮೇಕರಿನ ಸಂದುಗಳಲ್ಲಿ ಕೆಂಪು ಚೂರು ಸಿಕ್ಕಿಕೊಂಡಿದ್ದವು. ಮೀನುಗಳೆರಡೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಬಕೆಟ್‌ಗಟ್ಟಲೆ ನೀರು ಬದಲಾಯಿಸಿದೆ, ಮಧ್ಯಾಹ್ನದೊಳಗೆ ಒಂದು ಮೀನು ಹೋಯಿತು. ಅಕ್ವೇರಿಯಂ ಹವ್ಯಾಸಕ್ಕೆ ಮೊದಲೇ ಸಿಟ್ಟಾಗಿದ್ದ ನಮ್ಮಮ್ಮ ಆ ವಾಸನೆಯನ್ನು ಈಗಲೂ ನೆನಪಿಸುತ್ತಾರೆ. ಅನಿಮೋನ್ ಮೈಯಲ್ಲಿ ಚುಚ್ಚುವ ಕೋಶಗಳಿರುತ್ತವೆ. ಅದು ಚೂರಾದರೆ ಅವೂ ನೀರಿಗೆ ಹರಡುತ್ತವೆ. ಮೇಲಿಂದ ಅಷ್ಟು ಮಾಂಸ ಕೊಳೆಯತೊಡಗಿ ಅಮೋನಿಯಾ ಏರುತ್ತದೆ. 400 ಲೀಟರ್ ಟ್ಯಾಂಕು ಇದನ್ನು ತಡೆದುಕೊಂಡೀತು. 75 ಲೀಟರಿಗೆ ಆ ತಾಕತ್ತಿಲ್ಲ.

ನಾನು ಈಗ ಮಾಡುವುದು ಇಷ್ಟು. ನೀರು ಎಳೆಯುವ ಪ್ರತಿಯೊಂದು ಬಾಯಿಗೂ ದೊಡ್ಡ ರಂಧ್ರದ ಸ್ಪಂಜು ಅಥವಾ ಪ್ಲಾಸ್ಟಿಕ್ ಜಾಲರಿ ಸುತ್ತುತ್ತೇನೆ. ಫಿಲ್ಟರಿನ ಬಾಯಿ ಮರೆಯಬೇಡಿ. ಸ್ಪಂಜು ಎರಡು ಮೂರು ದಿನಕ್ಕೆ ಕಟ್ಟಿಕೊಳ್ಳುತ್ತದೆ, ತೊಳೆಯಬೇಕು. ಅನಿಮೋನ್ ಅಲೆಯುತ್ತಿರುವಷ್ಟು ದಿನ ರಾತ್ರಿ ವೇವ್‌ಮೇಕರ್ ನಿಲ್ಲಿಸಿ ಏರ್ ಸ್ಟೋನ್ ಹಾಕಿ ಮಲಗುತ್ತೇನೆ. ಗುಳ್ಳೆ ಸಿಡಿದು ಮುಚ್ಚಳದ ಮೇಲೆಲ್ಲ ಉಪ್ಪು ಕೂರುತ್ತದೆ, ಕೂರಲಿ. ಹೀಟರ್ ಇದ್ದರೆ ಅದಕ್ಕೂ ಕವಚ ಬೇಕು. ಅನಿಮೋನ್ ಹೋಗಿ ಅದಕ್ಕೇ ಅಂಟಿಕೊಂಡು ಸುಟ್ಟುಕೊಳ್ಳುವುದುಂಟು.

ಎರಡನೆಯದು ಉಪ್ಪಿನ ಲೆಕ್ಕ. ಸಣ್ಣ ಟ್ಯಾಂಕಿನಲ್ಲಿ ಅನಿಮೋನನ್ನು ನಿಧಾನಕ್ಕೆ ಕೊಲ್ಲುವುದು ಬಹಳ ಸಲ ಇದೇ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ನಿಮ್ಮ ಟ್ಯಾಂಕಿನಿಂದ ದಿನಕ್ಕೆ ಒಂದು ಲೀಟರ್ ಹೋಗುತ್ತದೆ ಅಂದುಕೊಳ್ಳಿ. ಫ್ಯಾನ್ ಇಟ್ಟು ತಂಪು ಮಾಡುತ್ತಿದ್ದರೆ ಇದೇನೂ ಹೆಚ್ಚಲ್ಲ. ಮೂರು ದಿನ ಊರಿಗೆ ಹೋಗಿ ಬಂದರೆ 75 ಇದ್ದದ್ದು 72 ಲೀಟರ್. ಸಾವಿರಕ್ಕೆ 35 ಇದ್ದ ಉಪ್ಪು 36.5 ಆಗಿರುತ್ತದೆ. ಬಂದವರೇ ಗಾಬರಿಯಲ್ಲಿ ಮೂರು ಲೀಟರ್ ಸಿಹಿನೀರು ಒಮ್ಮೆಲೇ ಸುರಿದರೆ ಅದು ಮತ್ತೆ ಧಡಕ್ಕನೆ ಇಳಿಯುತ್ತದೆ. ಮೀನು ಇದನ್ನು ಸಹಿಸಿಕೊಳ್ಳಬಹುದು. ಅನಿಮೋನಿನ ಮೈಯೆಲ್ಲ ನೀರೇ, ಚಿಪ್ಪಿಲ್ಲ, ಹುರುಪೆಯಿಲ್ಲ. ಟ್ಯಾಂಕಿನ ಗಾಜಿಗೆ ಒಂದು ಟೇಪ್ ಗೆರೆ ಅಂಟಿಸಿ, ದಿನಾ ಬೆಳಿಗ್ಗೆ ಆ ಗೆರೆಯವರೆಗೆ ಆರ್‌ಓ ನೀರು ತುಂಬಿ. ಸಿಹಿನೀರು ಮಾತ್ರ, ಉಪ್ಪುನೀರು ಅಲ್ಲ.

ಆರ್‌ಓ ಅಂದೆ, ಆದರೆ ಅಡುಗೆಮನೆಯ ಪ್ಯೂರಿಫೈಯರ್ ನೀರನ್ನು ಸುಮ್ನೆ ನಂಬಬೇಡಿ. ಕುಡಿಯಲು ರುಚಿ ಬರಲಿ ಅಂತ ಬಹಳಷ್ಟು ಮಷಿನ್ನುಗಳು ಖನಿಜವನ್ನು ವಾಪಸ್ ಬೆರೆಸುತ್ತವೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ. ಸೊನ್ನೆಯ ಹತ್ತಿರ ಇರಬೇಕು. ಐವತ್ತೋ ಎಂಬತ್ತೋ ತೋರಿಸಿದರೆ ಆ ನೀರು ನಿಮಗೆ, ಟ್ಯಾಂಕಿಗಲ್ಲ. ನಮ್ಮ ಕಡೆಯ ಬೋರ್‌ವೆಲ್ ನೀರಂತೂ ಬೇಡವೇ ಬೇಡ.

ಉಳಿದ ಅಂಕಿಗಳು: ಸಾಂದ್ರತೆ (ಉಪ್ಪು ಎಷ್ಟಿದೆ ಅಂತ ಇದರಿಂದಲೂ ತಿಳಿಯುತ್ತದೆ) 1.025ರಿಂದ 1.026, ಉಷ್ಣತೆ 25ರಿಂದ 27 ಡಿಗ್ರಿ, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ, ನೈಟ್ರೇಟ್ ಲೀಟರಿಗೆ ಹತ್ತು ಮಿಲಿಗ್ರಾಂ ಒಳಗೆ ಇದ್ದರೆ ಒಳ್ಳೆಯದು. ಸಾಂದ್ರತೆಯನ್ನು ಮುಳ್ಳಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಳೆಯುತ್ತಿದ್ದರೆ ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ಕೊಳ್ಳಿ. ಆ ಮುಳ್ಳಿಗೆ ಒಂದು ಗುಳ್ಳೆ ಅಂಟಿದರೂ ಸುಳ್ಳು ಹೇಳುತ್ತದೆ. ಮೀನಿಗೆ ಬಿಳಿ ಚುಕ್ಕೆ ರೋಗ ಬಂತು ಅಂತ ತಾಮ್ರದ ಔಷಧಿಯನ್ನು ಈ ಟ್ಯಾಂಕಿಗೆ ಯಾವತ್ತೂ ಹಾಕಬೇಡಿ. ಸ್ಯಾನಿಟೈಸರ್ ಹಚ್ಚಿದ ಕೈಯನ್ನೂ ಅದ್ದಬೇಡಿ.

ಬೆಳಕಿನ ವಿಷಯದಲ್ಲಿ ಎಲ್ಲರೂ ಜಾಸ್ತಿ ಕೊಡುವ ಆತುರದಲ್ಲಿರುತ್ತಾರೆ. ಅನಿಮೋನಿನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸಿಸುತ್ತದೆ. ಅದು ಬೆಳಕಿನಲ್ಲಿ ಆಹಾರ ತಯಾರಿಸಿ ಯಜಮಾನನಿಗೂ ಕೊಡುತ್ತದೆ. ಹಾಗಾಗಿ ಬೆಳಕು ಬೇಕೇ ಬೇಕು. ಆದರೆ ನಿಮ್ಮದು ಅಂಗಡಿಯ ಮಂದ ಬೆಳಕಿನಿಂದ ಬಂದಿದೆ. ಮೊದಲ ದಿನವೇ ಎಲ್‌ಇಡಿ ಪೂರ್ತಿ ಏರಿಸಿದರೆ ಅದು ಬಂಡೆಯ ಹಿಂದೆ ಓಡದೆ ಇನ್ನೇನು ಮಾಡುತ್ತದೆ? 40 ಶೇಕಡಕ್ಕೆ ಇಳಿಸಿ, ಎರಡು ವಾರದಲ್ಲಿ ಸ್ವಲ್ಪಸ್ವಲ್ಪವೇ ಏರಿಸಿ. ಮೈ ಕಂದು ಅಥವಾ ಕೆಂಗಂದಾಗಿದ್ದರೆ ಪಾಚಿ ಇದೆ ಅಂತ ಅರ್ಥ. ಬಿಳಿಚಿಕೊಂಡು ಗಾಜಿನಂತೆ ಕಂಡರೆ ಒಳಗಿನ ಪಾಚಿ ಹೋಗಿದೆ ಅಂತ. ಅಂಥದ್ದನ್ನು ಚೆಂದ ಅಂತ ಯಾರೂ ಕೊಳ್ಳಬೇಡಿ. ಕಣ್ಣು ಕುಕ್ಕುವ ಹಳದಿಯದ್ದನ್ನೂ ಅಷ್ಟೇ, ಬಿಳಿಚಿದ್ದಕ್ಕೆ ಬಣ್ಣ ಹಾಕಿ ಮಾರುವುದುಂಟು.

ಇಲ್ಲಿ ಒಂದು ಹಳೆಯ ಕಥೆ ನೆನಪಾಗುತ್ತದೆ. ಸ್ಕಾಟ್ಲೆಂಡಿನ ಜಾನ್ ಡಾಲಿಯೆಲ್ ಎಂಬಾತ 1828ರಲ್ಲಿ ಕಡಲತೀರದಿಂದ ಒಂದು ಅನಿಮೋನ್ ತಂದು ಗಾಜಿನ ಜಾಡಿಯಲ್ಲಿ ಇಟ್ಟ. ಆತ ಸತ್ತ ಮೇಲೂ ಅದು ಬದುಕಿತ್ತು. ಕೈಯಿಂದ ಕೈಗೆ ದಾಟಿ ಎಡಿನ್‌ಬರೋದಲ್ಲಿ 1887ರವರೆಗೆ ಇತ್ತು. ಜನ ಅದಕ್ಕೆ ಇಟ್ಟ ಹೆಸರು ‘ಗ್ರ್ಯಾನಿ’, ಅಂದರೆ ಅಜ್ಜಿ. ಪಂಪಿಲ್ಲ, ಎಲ್‌ಇಡಿ ಇಲ್ಲ, ಆಗಾಗ ಹೊಸ ಸಮುದ್ರದ ನೀರು ಅಷ್ಟೇ. ಇದನ್ನು ಓದಿ ‘ಹಾಗಾದರೆ ಇಷ್ಟೆಲ್ಲ ಯಾಕೆ’ ಅನ್ನಬೇಡಿ. ಅದು ತಣ್ಣೀರಿನ ಬೇರೆ ಜಾತಿ, ಮೈಯಲ್ಲಿ ಪಾಚಿ ಇಲ್ಲದ್ದು, ಬೆಳಕಿನ ಹಂಗಿಲ್ಲ. ನಮ್ಮ ಕರಾವಳಿಯ ಬಂಡೆ ಕುಳಿಗಳಲ್ಲೂ ಇಳಿತದ ಹೊತ್ತಿಗೆ ಚಿಕ್ಕ ಅನಿಮೋನುಗಳು ಕಾಣುತ್ತವೆ. ಅವನ್ನು ಕಿತ್ತು ತಂದು ಕ್ಲೌನ್ ಮೀನಿಗೆ ಮನೆ ಮಾಡುತ್ತೇನೆ ಅಂತ ಒಬ್ಬರು ನನ್ನನ್ನು ಕೇಳಿದ್ದರು. ಮೀನುಗಳಿಗೆ ಆಶ್ರಯ ಕೊಡುವುದು ಹತ್ತೇ ಜಾತಿ, ಬಂಡೆ ಕುಳಿಯ ಆ ಚಿಕ್ಕವು ಅದರಲ್ಲಿ ಬರುವುದಿಲ್ಲ. ಅವು ಅಲ್ಲೇ ಇರಲಿ.

ಮುದುಡುವುದರ ಬಗ್ಗೆ. ಅನಿಮೋನಿಗೆ ಬಾಯಿ ಒಂದೇ, ಬೇರೆ ದಾರಿ ಇಲ್ಲ. ತಿಂದದ್ದರ ಕಸವೂ ಅಲ್ಲಿಂದಲೇ ಬರಬೇಕು. ಅದಕ್ಕೆ ಆಗಾಗ ಮೈಯ ನೀರನ್ನೆಲ್ಲ ಹೊರಗೆ ಹಾಕಿ, ಗಾಳಿ ಬಿಟ್ಟ ಬಲೂನಿನಂತೆ ಸೊರಗುತ್ತದೆ. ಕಂದು ದಾರದಂಥದ್ದು ಹೊರಬರುತ್ತದೆ. ಕೆಲವು ತಾಸು ಬಿಟ್ಟು ಮತ್ತೆ ಉಬ್ಬುತ್ತದೆ. ಮೊದಲ ವಾರದಲ್ಲಿ ಇದು ದಿನಕ್ಕೊಮ್ಮೆ ಆದರೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಬೆರಳ ತುದಿಯ ಗುಳ್ಳೆ ಮಾಯವಾಗಿ ಉದ್ದ ದಾರದಂತಾದರೂ ಅದೊಂದೇ ಕಾಯಿಲೆಯ ಗುರುತಲ್ಲ. ಹೆದರಬೇಕಾದ್ದು ಬೇರೆ. ಬಾಯಿ ಒಂದಿಡೀ ದಿನ ತೆರೆದೇ ಇದ್ದು ಒಳಗಿನದು ಹೊರಗೆ ಬಂದಿರುವುದು. ಪಾದ ಎಲ್ಲಿಯೂ ಅಂಟದೆ ನೀರು ಹೊಡೆದ ಕಡೆ ಉರುಳುವುದು. ಮೈ ಲೋಳೆಯಾಗಿ ಕರಗುವುದು. ಅನುಮಾನ ಬಂದರೆ ಒಂದು ಲೋಟದಲ್ಲಿ ಅದರ ಪಕ್ಕದ ನೀರು ತೆಗೆದು ಮೂಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ಕ್ಷಣವೇ ಅದನ್ನು ತೆಗೆದು, ಮೂರನೇ ಒಂದು ಭಾಗ ನೀರು ಬದಲಿಸಿ, ಕೊಳೆ ಹೀರುವ ಇದ್ದಿಲು, ಅಂದರೆ ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿ. ಬೆಳಗಾಗಲಿ ಅಂತ ಕಾಯಬೇಡಿ.

ಊಟ ಈಗ ಬೇಡ. ಪಾದ ಕಚ್ಚಿಕೊಂಡು ಬಾಯಿ ಬಿಗಿಯಾದ ಮೇಲೆ, ಅಂದರೆ ಹತ್ತು ದಿನ ಬಿಟ್ಟು, ಹಸಿ ಸಿಗಡಿಯ ತೊಗರಿಕಾಳಿನಷ್ಟು ಚೂರು ಬೆರಳುಗಳಿಗೆ ತಾಗಿಸಿ. ವಾರಕ್ಕೆ ಒಮ್ಮೆ ಸಾಕು. ಉಗುಳಿದರೆ ತುಂಡನ್ನು ತೆಗೆದುಬಿಡಿ, ಕೊಳೆಯಲು ಬಿಡಬೇಡಿ. ನಮ್ಮವರಿಗೆ ಬಂದ ನೆಂಟರಿಗೆ ಒತ್ತಾಯ ಮಾಡಿ ಬಡಿಸುವ ಅಭ್ಯಾಸ. ಈ ನೆಂಟನ ಹತ್ತಿರ ಅದು ನಡೆಯುವುದಿಲ್ಲ.

ಇನ್ನು ಮೀನುಗಳು. ಸಮುದ್ರದಲ್ಲಿ ಆಸಿಲ್ಲಾರಿಸ್ ಮೀನು ಬಬಲ್ ಟಿಪ್‌ನಲ್ಲಿ ವಾಸಿಸುವುದಿಲ್ಲ. ಅದರ ಅನಿಮೋನುಗಳೇ ಬೇರೆ. ಟ್ಯಾಂಕಿನಲ್ಲಿ ಬಹಳ ಸಲ ಒಪ್ಪಿಕೊಳ್ಳುತ್ತದೆ, ಆದರೆ ಅದು ಒಂದು ಗಂಟೆಯಲ್ಲೂ ಆಗಬಹುದು, ಒಂದು ವರ್ಷವೂ ಹಿಡಿಯಬಹುದು, ಆಗದೆಯೂ ಇರಬಹುದು. ನನ್ನ ಜೋಡಿ ಮೀನಿಗೆ ಏಳು ತಿಂಗಳು ಬೇಕಾಯಿತು. ಅಷ್ಟು ದಿನ ಅವು ಹೀಟರಿನ ಮೂಲೆಯಲ್ಲೇ ಮಲಗುತ್ತಿದ್ದವು. ನಿಮ್ಮವು ಈಗ ದೂರ ಇರುವುದೇ ಒಳ್ಳೆಯದು. ಇನ್ನೂ ನೆಲೆಯೂರದ ಅನಿಮೋನ್ ಮೇಲೆ ಮೀನು ಬಿದ್ದು ಹೊರಳಾಡಿದರೆ ಅದು ಅರಳುವುದೇ ಇಲ್ಲ. ಹಾಗೇನಾದರೂ ಆದರೆ ತೂತಿನ ಪ್ಲಾಸ್ಟಿಕ್ ಬುಟ್ಟಿಯನ್ನು ಅದರ ಮೇಲೆ ಬೋರಲು ಹಾಕಿ ಕೆಲವು ದಿನ ಬಿಡಿ. ತರಕಾರಿ ತೊಳೆಯುವ ಹೊಸ ಬುಟ್ಟಿ ಸಾಕು.

ಕರೆಂಟ್ ಹೋದಾಗ ಓಡಲು ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ನೈಟ್ರೇಟ್ ಎಷ್ಟಿದೆ, ವೇವ್‌ಮೇಕರಿಗೆ ಏನು ಕಟ್ಟಿದಿರಿ ಅಂತ ಕೆಳಗೆ ಬರೆಯಿರಿ. ಹತ್ತನೇ ದಿನ ಒಂದು ಫೋಟೋ ಹಾಕಿ, ಬಾಯಿ ಕಾಣುವ ಹಾಗೆ. ಅದಕ್ಕೋಸ್ಕರ ಬಂಡೆ ಸರಿಸಬೇಡಿ ಮತ್ತೆ!