ಇನ್‌ಸ್ಟಾ, ವಾಟ್ಸಾಪ್‌ನಿಂದ ಕಾಲೇಜು ಓದು ಕೆಡುತ್ತಾ?

ಸೋಶಿಯಲ್ ಮೀಡಿಯಾದಿಂದ ಡಿಗ್ರಿ ಮಕ್ಕಳ ಓದು ಹಾಳಾಗುತ್ತಾ ಅಂತ ಕೇಳಿದೀರ. ಆಗುತ್ತೆ, ಆದ್ರೆ ಆಪ್ ಒಂದನ್ನೇ ಬೈದು ಪ್ರಯೋಜನ ಇಲ್ಲ.

2012ರಲ್ಲಿ ರೆನಾಲ್ ಜಂಕೋ ಅನ್ನೋ ಅಮೆರಿಕದ ಸಂಶೋಧಕರು 1,839 ಕಾಲೇಜು ವಿದ್ಯಾರ್ಥಿಗಳ ಫೇಸ್‌ಬುಕ್ ಬಳಕೆ ನೋಡಿದ್ರು, ಜಾಸ್ತಿ ಹೊತ್ತು ಅದ್ರಲ್ಲೇ ಇರೋರ ಜಿಪಿಎ, ಅಂದ್ರೆ ಸರಾಸರಿ ಗ್ರೇಡ್, ಕಮ್ಮಿ, ಪದೇಪದೇ ಸ್ಟೇಟಸ್ ಹಾಕೋರದ್ದೂ ಅಷ್ಟೇ, ಆದ್ರೆ ಲಿಂಕ್ ಹಂಚೋರದ್ದು ಮಾತ್ರ ಸ್ವಲ್ಪ ಚೆನ್ನಾಗೇ ಇತ್ತು. ಹಾಗಂತ ಫೇಸ್‌ಬುಕ್‌ನಿಂದಾನೇ ಮಾರ್ಕ್ಸ್ ಹೋಯ್ತು ಅನ್ನಕ್ಕಾಗಲ್ಲ, ಮೊದಲೇ ಓದದೇ ಇರೋರೇ ಅಲ್ಲಿ ಹೆಚ್ಚು ಕೂತಿರಬಹುದು.

ನಾನು ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದುವಾಗ ನನ್ನ ಅರ್ಧ ಡಿಗ್ರಿ ಪಾಸಾಗಿದ್ದೇ ಕ್ಲಾಸ್ ವಾಟ್ಸಾಪ್ ಗ್ರೂಪಿಂದ, ಸುಳ್ಳು ಯಾಕೆ ಹೇಳ್ಲಿ. ಇಂಟರ್ನಲ್ಸ್ ಹಿಂದಿನ ರಾತ್ರಿ ನಮ್ಮ ಯೂನಿವರ್ಸಿಟಿ ವಿಟಿಯುದ ಹಳೇ ಪೇಪರ್ ಪಿಡಿಎಫ್, ಯಾರೋ ಹುಡುಗಿ ನೋಟ್ಸ್ ಫೋಟೋ, ಮೂಲೇಲಿ ಅವಳ ಹೆಬ್ಬೆರಳು ಬೇರೆ, ಎಲ್ಲಾ ಅಲ್ಲೇ ಸಿಗ್ತಿತ್ತು. ಅದನ್ನ ನೋಡಕ್ಕೆ ಅಂತ ಫೋನ್ ತೆಗೆದೋನು ಹಂಗೇ ರೀಲ್ಸ್‌ಗೆ ಜಾರಿ, ತಲೆ ಎತ್ತಿದಾಗ ಮುಕ್ಕಾಲು ಗಂಟೆ ಹೋಗಿರ್ತಿತ್ತು, ಪುಸ್ತಕ ಮಾತ್ರ ಅದೇ ಪೇಜಲ್ಲಿ.

ಆ ಮುಕ್ಕಾಲು ಗಂಟೆಗಿಂತ ಆಮೇಲಿಂದೇ ದೊಡ್ಡ ನಷ್ಟ, ಯಾಕಂದ್ರೆ ಓದಕ್ಕೆ ವಾಪಸ್ ಬಂದ್ರೂ ಮನಸ್ಸಿನ ಒಂದು ಭಾಗ ಅಲ್ಲೇ ಸಿಕ್ಕಾಕೊಂಡಿರುತ್ತೆ, ಡೆರಿವೇಶನ್ ಮೊದ್ಲಿಂದ ಶುರು ಮಾಡ್ಬೇಕು. ನಾನು ಕೊನೇ ಸೆಮ್‌ನಲ್ಲಿ ನೋಟ್ಸ್‌ನೆಲ್ಲ ಪ್ರಿಂಟ್ ಹಾಕ್ಸಿ ಫೋನ್‌ನ ಅಮ್ಮನ ಕೈಗೆ ಕೊಡ್ತಿದ್ದೆ.