ಮೊದಲ ರಿಪೇರಿ ಚೀಟಿ ಎಲ್ಲಿದೆ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಹದಿನಾಲ್ಕು ತಿಂಗಳ ಹಿಂದೆ 42,000 ಡಾಲರ್ ಕೊಟ್ಟು ಹೊಸ ಎಸ್‌ಯುವಿ ಕೊಂಡು, ಲಿವರ್‌ಮೋರ್ ದೇವಸ್ಥಾನದಲ್ಲಿ ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿಸಿದೆವು. ಈಗ ಗಾಡಿಯೇ ‘ಲೆಮನ್’ (ಪದೇ ಪದೇ ಕೆಡುವ ಗಾಡಿಗೆ ಇಲ್ಲಿನವರು ಇಟ್ಟ ಹೆಸರು) ಎಂದು ಸ್ನೇಹಿತರು ಗೇಲಿ ಮಾಡುತ್ತಾರೆ. 4,200 ಮೈಲಿ ಓಡಿದಾಗಿನಿಂದ, 40 ಮೈಲಿ ವೇಗದ ಆಸುಪಾಸಿನಲ್ಲಿ ಗೇರ್ ಬದಲಾಗುವಾಗ ಗಾಡಿ ಜಗ್ಗುತ್ತದೆ. ಎರಡು ಸಲ ಫ್ರೀವೇ ಮೇಲೆ ಎಳೆತವೇ ನಿಂತುಹೋಯಿತು. ಐದು ಬಾರಿ ಡೀಲರ್ ಬಳಿ ಬಿಟ್ಟಿದ್ದೇವೆ. ಕೈಯಲ್ಲಿರುವುದು ಎರಡೇ ಕಾಗದ. ಹಳೆಯದು 11,000 ಮೈಲಿಯದು, ಇನ್ನೊಂದರಲ್ಲಿ ‘ದೋಷ ಕಂಡುಬಂದಿಲ್ಲ’ ಎಂದಿದೆ. ಲೆಮನ್ ಕಾನೂನಿನಡಿ ಹಣ ವಾಪಸ್ ಕೇಳಲು ಇಷ್ಟು ಸಾಕೇ?

ಉತ್ತರ: ಸಾಲದು, ಹಾಗೆಂದು ಕೈಚೆಲ್ಲಬೇಕಾಗಿಯೂ ಇಲ್ಲ. ಕ್ಯಾಲಿಫೋರ್ನಿಯಾದ ಲೆಮನ್ ಕಾನೂನು ಎಂದರೆ 1970ರ ಸಾಂಗ್-ಬೆವರ್ಲಿ ಕಾಯ್ದೆ. ಅದರ ಪ್ರಕಾರ, ವಾರಂಟಿಗೆ ಒಳಪಟ್ಟ ದೋಷವನ್ನು ಸಮಂಜಸವೆನಿಸುವಷ್ಟು ಬಾರಿ ಪ್ರಯತ್ನಿಸಿಯೂ ಸರಿಪಡಿಸಲಾಗದಿದ್ದರೆ ತಯಾರಕ ಕಂಪನಿಯು ಗಾಡಿಯನ್ನು ಬದಲಿಸಿಕೊಡಬೇಕು ಇಲ್ಲವೇ ಹಣ ಹಿಂತಿರುಗಿಸಬೇಕು. ಗಾಡಿ ಕೈಸೇರಿದ 18 ತಿಂಗಳು ಅಥವಾ 18,000 ಮೈಲಿ, ಇವೆರಡರಲ್ಲಿ ಮೊದಲು ಮುಗಿಯುವುದರೊಳಗೆ, ಒಂದೇ ದೋಷಕ್ಕೆ 4 ಬಾರಿ, ಪ್ರಾಣಕ್ಕೆ ಎರವಾಗಬಹುದಾದ ದೋಷಕ್ಕೆ 2 ಬಾರಿ ರಿಪೇರಿಗೆ ಹೋಗಿದ್ದರೆ, ಅಥವಾ ಎಲ್ಲ ಭೇಟಿಗಳೂ ಸೇರಿ 30 ದಿನಕ್ಕಿಂತ ಹೆಚ್ಚು ಕಾಲ ಗಾಡಿ ರಿಪೇರಿಯಲ್ಲೇ ಉಳಿದಿದ್ದರೆ, ಕಾನೂನಿನ ಪೂರ್ವಾನುಮಾನ ನಿಮ್ಮ ಪರವಾಗಿರುತ್ತದೆ, ಅಂದರೆ ರಿಪೇರಿಗೆ ಸಾಕಷ್ಟು ಅವಕಾಶ ಕೊಟ್ಟಿದ್ದೀರಿ ಎಂದೇ ಮೊದಲಿಗೆ ಭಾವಿಸಲಾಗುತ್ತದೆ. ಬಾರಿಗಳ ಲೆಕ್ಕದ ಮೇಲೆ ನಿಲ್ಲುವುದಾದರೆ ತಯಾರಕರಿಗೆ ನೇರವಾಗಿ ತಿಳಿಸಬೇಕೆಂಬ ಷರತ್ತು ಗಾಡಿಯ ಕೈಪಿಡಿಯಲ್ಲಿ ಇದೆಯೇ ಎಂದು ನೋಡಿ, ಇದ್ದರೆ ಇಂದೇ ಪತ್ರ ಬರೆಯಿರಿ. ಫ್ರೀವೇ ಮೇಲೆ ಎಳೆತ ನಿಲ್ಲುವುದನ್ನು ನಾನಂತೂ ಪ್ರಾಣಾಪಾಯದ ದೋಷವೆಂದೇ ವಾದಿಸುತ್ತೇನೆ.

ಆದರೆ ಐದು ಬಾರಿ ಹೋದದ್ದು ನಿಮ್ಮ ನೆನಪಿನಲ್ಲಿದ್ದರೆ ಸಾಲದು, ಕಾಗದದಲ್ಲಿರಬೇಕು. ಬೆಂಗಳೂರಿನ ವರ್ಕ್‌ಶಾಪಿನವರು ಜಾಬ್ ಕಾರ್ಡ್ ಎನ್ನುವುದನ್ನೇ ಇಲ್ಲಿ ರಿಪೇರಿ ಆರ್ಡರ್ ಎನ್ನುತ್ತಾರೆ. ವಾರಂಟಿಯಲ್ಲಿ ಬಿಡಿಗಾಸೂ ಪಡೆಯದೆ ಮಾಡಿದ ಕೆಲಸಕ್ಕೂ ಇನ್‌ವಾಯ್ಸ್ ಬರೆದು ಗ್ರಾಹಕರಿಗೆ ಪ್ರತಿ ಕೊಡಬೇಕೆಂದು ಕ್ಯಾಲಿಫೋರ್ನಿಯಾದ ವಾಹನ ರಿಪೇರಿ ಕಾನೂನು ಹೇಳುತ್ತದೆ. ಆ ದಾಖಲೆಗಳನ್ನು ಕನಿಷ್ಠ 3 ವರ್ಷ ಇಟ್ಟುಕೊಂಡಿರುವುದೂ ಅವರ ಹೊಣೆ. ಆದ್ದರಿಂದ ಸರ್ವೀಸ್ ಅಡ್ವೈಸರ್ ಎದುರು ನಿಂತು ‘ಏನಾದರೂ ಇದೆಯೇ’ ಎಂದು ಕೇಳಬೇಡಿ. ಗಾಡಿಯ ಗುರುತಾದ 17 ಅಂಕಿ-ಅಕ್ಷರಗಳ ವಿನ್ ಸಂಖ್ಯೆ ಬರೆದು, ಈ ಗಾಡಿಯ ಎಲ್ಲ ರಿಪೇರಿ ಆರ್ಡರ್‌ಗಳ, ಕೆಲಸ ಮುಗಿದ ಮೇಲಿನ ಪ್ರತಿ ಹಾಗೂ ಮೆಕ್ಯಾನಿಕ್‌ನ ಟಿಪ್ಪಣಿ ಬೇಕೆಂದು ಇಮೇಲ್ ಕಳಿಸಿ. ಅದೇ ದಿನ ತಯಾರಕ ಕಂಪನಿಯ ಗ್ರಾಹಕ ವಿಭಾಗಕ್ಕೂ ಬರೆದು ವಾರಂಟಿ ಕ್ಲೇಮ್‌ಗಳ ಪಟ್ಟಿ ಕೇಳಿ. ವಾರಂಟಿ ಕೆಲಸದ ಹಣವನ್ನು ಡೀಲರ್ ಕಂಪನಿಯಿಂದಲೇ ವಸೂಲು ಮಾಡುವುದರಿಂದ ಅಲ್ಲಿಯೂ ಒಂದು ಜಾಡು ಉಳಿದಿರುತ್ತದೆ. ‘ದೋಷ ಕಂಡುಬಂದಿಲ್ಲ’ ಎಂದು ಗಾಡಿ ಮರಳಿಸಿದ ದಿನ ಕ್ಲೇಮ್ ಹಾಕದೆಯೇ ಇರಬಹುದು. ಅಂಥ ಭೇಟಿಗೆ ಅಪಾಯಿಂಟ್‌ಮೆಂಟಿನ ಮೆಸೇಜು, ಬದಲಿ ಗಾಡಿಗೆ ಸಹಿ ಹಾಕಿದ ಕರಾರು, ಟೋಯಿಂಗ್ ಬಿಲ್ಲು ಇವೇ ಸಾಕ್ಷಿ.

ಮೊದಲ ಚೀಟಿಗಾಗಿ ಇಷ್ಟು ಹಟ ಹಿಡಿಯಲು ಕಾರಣ ಹಣ. ಗಾಡಿ ವಾಪಸ್ ಪಡೆಯುವಾಗ ಕಂಪನಿಯು ನಿಮ್ಮ ಬಳಕೆಯ ಪಾಲನ್ನು ಮುರಿದುಕೊಳ್ಳಬಹುದು. ಆ ದೋಷಕ್ಕಾಗಿ ಗಾಡಿಯನ್ನು ಮೊದಲ ಬಾರಿ ಒಪ್ಪಿಸಿದಾಗ ಓಡಿದ್ದ ಮೈಲಿಯನ್ನು 1,20,000ದಿಂದ ಭಾಗಿಸಿ, ಬೆಲೆಯಿಂದ ಗುಣಿಸುವುದು ಅದರ ಸೂತ್ರ. 4,200 ಮೈಲಿಯ ಚೀಟಿ ಸಿಕ್ಕರೆ ಕಡಿತ 1,470 ಡಾಲರ್. ನಿಮ್ಮಲ್ಲಿರುವ 11,000 ಮೈಲಿಯ ಚೀಟಿಯೇ ಮೊದಲನೆಯದು ಎಂದಾದರೆ 3,850 ಡಾಲರ್. ಅಂದರೆ ಕಾಣೆಯಾದ ಆ ಒಂದು ಹಾಳೆಯ ಬೆಲೆ 2,380 ಡಾಲರ್.

ಪ್ರತಿಗಳು ಕೈಸೇರಿದ ಮೇಲೆ ಮೂರು ಕಡೆ ಕಣ್ಣಿಡಿ: ಗ್ರಾಹಕರು ಹೇಳಿದ್ದೇನು, ಕಂಡ ಕಾರಣವೇನು, ಮಾಡಿದ ಕೆಲಸವೇನು. ಅಡ್ವೈಸರ್‌ಗಳು ಅವಸರದಲ್ಲಿ ‘ಗಾಡಿ ಪರೀಕ್ಷಿಸಲು ಕೋರಿದ್ದಾರೆ’ ಎಂದಷ್ಟೇ ಗೀಚುವುದುಂಟು. ನೀವು ಹೇಳಿದ್ದು ‘40 ಮೈಲಿ ವೇಗದಲ್ಲಿ ಜಗ್ಗುತ್ತದೆ’ ಎಂದಾಗಿದ್ದರೆ ಆ ಭೇಟಿ ಇದೇ ದೋಷದ ಲೆಕ್ಕಕ್ಕೆ ಸೇರದೆ ಜಾರಿಹೋಗುತ್ತದೆ. ಹಿಂದಿನ ಹಾಳೆಯನ್ನು ತಿದ್ದಲಾಗದು, ತಿದ್ದಿಸಲು ಹೋಗಲೂ ಬೇಡಿ. ಅಂದು ನಡೆದದ್ದನ್ನು ಈಗಲೇ ಇಮೇಲ್‌ನಲ್ಲಿ ಬರೆದು ಡೀಲರ್‌ಗೆ ಕಳಿಸಿದರೆ ಅದೂ ಕಡತಕ್ಕೆ ಸೇರುತ್ತದೆ. ಆರನೆಯ ಬಾರಿ ಹೋಗುವಾಗ ಸಹಿ ಹಾಕುವ ಮೊದಲು ಆ ಸಾಲನ್ನು ಓದಿ, ನಿಮ್ಮ ಮಾತಿನಲ್ಲೇ ಬರೆಸಿ. ಬಿಟ್ಟ ದಿನ, ಪಡೆದ ದಿನ, ಎರಡೂ ದಿನದ ಓಡೋಮೀಟರ್ ಅಂಕಿ ಪ್ರತಿ ಹಾಳೆಯಲ್ಲೂ ಇರಬೇಕು. 30 ದಿನದ ಲೆಕ್ಕ ಕ್ಯಾಲೆಂಡರ್ ದಿನಗಳದ್ದು, ಒಂದರ ಹಿಂದೊಂದು ಬರಬೇಕಾಗಿಲ್ಲ.

‘ದೋಷ ಕಂಡುಬಂದಿಲ್ಲ’ ಎಂಬ ಸಾಲಿಗೆ ಹೆದರಬೇಡಿ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ವಿನ್ ಹಾಕಿದರೆ ಇನ್ನೂ ರಿಪೇರಿಯಾಗದ ರಿಕಾಲ್‌ಗಳು (ದೋಷ ಸರಿಪಡಿಸಲು ಗಾಡಿಗಳನ್ನು ವಾಪಸ್ ಕರೆಯುವ ಪ್ರಕಟಣೆಗಳು) ಮಾತ್ರ ಕಾಣುತ್ತವೆ. ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ವರ್ಷ, ಕಂಪನಿ, ಮಾಡೆಲ್ ಹಾಕಿ ಹುಡುಕಿದರೆ ಬೇರೆ ಮಾಲೀಕರ ದೂರುಗಳ ಜೊತೆಗೆ, ಕಂಪನಿಯೇ ತನ್ನ ಡೀಲರ್‌ಗಳಿಗೆ ಕಳಿಸಿದ ತಾಂತ್ರಿಕ ಸುತ್ತೋಲೆಗಳೂ ಸಿಗುತ್ತವೆ. ನಿಮ್ಮ ಗಾಡಿಯ ಜಗ್ಗಾಟವನ್ನೇ ವರ್ಣಿಸುವ ಸುತ್ತೋಲೆಯೊಂದು ಅಲ್ಲಿದ್ದರೆ, ಮೆಕ್ಯಾನಿಕ್‌ಗೆ ಕಾಣದ ದೋಷ ಕಂಪನಿಗೆ ಗೊತ್ತಿತ್ತು ಎಂದಾಯಿತು.

ತಡಮಾಡಬೇಡಿ. ಲೆಮನ್ ದಾವೆಗಳಿಗಾಗಿ 2024ರ ಎಬಿ 1755 ಎಂಬ ಮಸೂದೆ ತಂದ ವಿಧಾನಗಳಿಗೆ ಹಲವು ಕಂಪನಿಗಳು ಒಳಪಟ್ಟಿವೆ. 2025ರ ತಿದ್ದುಪಡಿಯ ನಂತರ, ಒಪ್ಪಿಕೊಂಡ ಕಂಪನಿಗಳಿಗೆ ಮಾತ್ರ ಅದು ಅನ್ವಯ. ಅಂಥ ಕಂಪನಿಯಾದರೆ ವಾರಂಟಿ ಮುಗಿದ ಒಂದು ವರ್ಷದೊಳಗೆ ದಾವೆ ಹೂಡಬೇಕು. ದಂಡವನ್ನೂ ಕೇಳುವುದಾದರೆ 30 ದಿನ ಮೊದಲು ನಿಮ್ಮ ಹೆಸರು, ವಿನ್, ರಿಪೇರಿ ಇತಿಹಾಸದ ಸಾರಾಂಶ ಇರುವ ನೋಟಿಸ್ ಕೊಡಬೇಕು. ಗೆದ್ದರೆ ವಕೀಲರ ಶುಲ್ಕವನ್ನು ಕಂಪನಿಯೇ ತೆರಬೇಕು ಎಂಬುದು ಈ ಕಾಯ್ದೆಯ ದೊಡ್ಡ ಅನುಕೂಲ.

ಪ್ರಶ್ನೆ: ನಮ್ಮ ಕಾರು ಎರಡು ವರ್ಷ ಹಳೆಯದು, ಡೀಲರ್‌ನಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಕಂಪನಿಯ ವಾರಂಟಿ ಇನ್ನೂ ಇದೆ. ಹಿಂದಿನ ಮಾಲೀಕರ ರಿಪೇರಿಗಳನ್ನೂ ಸೇರಿಸಿ ಕೇಳಬಹುದೇ?

ಉತ್ತರ: 2024ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್, ರೊಡ್ರಿಗಸ್ ಮತ್ತು ಎಫ್‌ಸಿಎ ಯುಎಸ್ ನಡುವಣ ಪ್ರಕರಣದಲ್ಲಿ, ಉಳಿದ ವಾರಂಟಿಯೊಂದಿಗೆ ಮಾರಾಟವಾದ ಮಾತ್ರಕ್ಕೆ ಹಳೆಯ ಕಾರು ಕಾಯ್ದೆಯ ಅರ್ಥದಲ್ಲಿ ‘ಹೊಸ ವಾಹನ’ ಆಗುವುದಿಲ್ಲ ಎಂದು ತೀರ್ಪು ನೀಡಿತು. ಆ ಬಾಗಿಲು ನಿಮಗೆ ಬಹುತೇಕ ಮುಚ್ಚಿದೆ. 1975ರ ಕೇಂದ್ರ ವಾರಂಟಿ ಕಾಯ್ದೆಯಾದ ಮ್ಯಾಗ್ನುಸನ್-ಮಾಸ್ ಬಗ್ಗೆ ವಕೀಲರೊಡನೆ ಮಾತನಾಡಿ. ಇತಿಹಾಸ ತೆಗೆಯುವುದು ಆಗಲೂ ವ್ಯರ್ಥವಲ್ಲ. ಗಾಡಿಗಳ ಇತಿಹಾಸ ಒದಗಿಸುವ ಕಾರ್‌ಫ್ಯಾಕ್ಸ್ ಕಂಪನಿಯ ವರದಿಯಲ್ಲಿ ಎಲ್ಲ ವಾರಂಟಿ ರಿಪೇರಿಗಳೂ ಇರುವುದಿಲ್ಲ, ಅದೊಂದನ್ನೇ ನಂಬಬೇಡಿ. ಕಂಪನಿಯೇ ಹಿಂದೆ ವಾಪಸ್ ಪಡೆದ ಗಾಡಿಯಾಗಿದ್ದರೆ ಮಾಲೀಕತ್ವದ ಪತ್ರದಲ್ಲಿ ‘ಲೆಮನ್ ಲಾ ಬೈಬ್ಯಾಕ್’ ಎಂಬ ಮುದ್ರೆ ಇರಬೇಕು, ಮಾರುವ ಮೊದಲು ಅದನ್ನು ನಿಮಗೆ ಲಿಖಿತವಾಗಿ ತಿಳಿಸಿರಬೇಕು. ಚಾಲಕನ ಬದಿಯ ಬಾಗಿಲು ತೆರೆದು ಚೌಕಟ್ಟಿನ ಮೇಲೆ ನೋಡಿ. ಅಲ್ಲಿಯೂ ಅದರ ಸ್ಟಿಕರ್ ಇರಬೇಕು, ಅಥವಾ ಯಾರೋ ಕಿತ್ತ ಅಂಟಿನ ಗುರುತು ಇರಬಹುದು.